ಜಾತಿ ಒಂದೇ, ದೇಹಗುಣ ಬೇರೆ: ಪುಣೆಯ ಇರಾವತಿ ಕರ್ವೆ ಕಂಡ ಸತ್ಯ

ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ಎಲ್ಲರಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅದನ್ನು ಸಕ್ರಿಯಗೊಳಿಸುವ ಯಕೃತ್ತಿನ ಕಿಣ್ವ, ಸಿವೈಪಿ2ಸಿ19 ಜೀನ್‌ನ ವ್ಯತ್ಯಾಸದಿಂದಾಗಿ ಅನೇಕ ಭಾರತೀಯರಲ್ಲಿ ದುರ್ಬಲವಾಗಿರುತ್ತದೆ. ಹಾಗಾದರೆ ಜಾತಿ ನೋಡಿ ಔಷಧ ಕೊಡಬಹುದೇ? ಉತ್ತರದ ಸುಳಿವು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಬದುಕಿನಲ್ಲಿದೆ.

1905ರಲ್ಲಿ ಬರ್ಮಾದಲ್ಲಿ ಹುಟ್ಟಿದ ಅವರಿಗೆ ಅಲ್ಲಿನ ನದಿಯ ಹೆಸರನ್ನೇ ಇಡಲಾಯಿತು. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮಹರ್ಷಿ ಧೋಂಡೊ ಕೇಶವ ಕರ್ವೆ ಅವರ ಸೊಸೆಯಾದರು. ಬರ್ಲಿನ್‌ನಲ್ಲಿ ಪಿಎಚ್‌ಡಿ ಮಾಡುವಾಗ, ತಲೆಬುರುಡೆಯ ಆಕಾರಕ್ಕೂ ಜನಾಂಗಕ್ಕೂ ನಂಟಿದೆ ಎಂಬ ಮಾರ್ಗದರ್ಶಕ ಯೂಜೆನ್ ಫಿಷರ್ ಅವರ ವಾದಕ್ಕೆ ಪುರಾವೆಯಿಲ್ಲ ಎಂದು ಧೈರ್ಯವಾಗಿ ಬರೆದರು.

1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಕೈಲಾಶ್ ಮಲ್ಹೋತ್ರಾ ಜತೆ ಮಹಾರಾಷ್ಟ್ರದ ಬ್ರಾಹ್ಮಣರ ಎಂಟು ಒಳಪಂಗಡಗಳನ್ನು ಹೋಲಿಸಿದ ಅಧ್ಯಯನ 1968ರಲ್ಲಿ ಪ್ರಕಟವಾಯಿತು. ತಮ್ಮತಮ್ಮೊಳಗೇ ಮದುವೆಯಾಗುವ ಈ ಪಂಗಡಗಳ ಜಾತಿಯ ಹೆಸರು ಒಂದೇ ಆದರೂ ದೇಹಗುಣಗಳು ಬೇರೆಯಾಗಿದ್ದವು. 1970ರ ಆಗಸ್ಟ್ 11ರಂದು ಕರ್ವೆ ನಿಧನರಾದರು.

ಅವರು ಔಷಧಗಳ ಅಧ್ಯಯನ ಮಾಡಿದವರಲ್ಲ. ಆದರೆ ಜಾತಿಯ ಹೆಸರು ದೇಹದ ಗುಟ್ಟು ಹೇಳದು ಎಂಬ ಅವರ ಪಾಠ ಇಂದಿನ ಹೃದ್ರೋಗಿಗೂ ಅನ್ವಯ. ಮಾತ್ರೆ ಯಾರಿಗೆ ಹಿಡಿಸುತ್ತದೆ ಎಂಬುದನ್ನು ತಿಳಿಸಬಲ್ಲದ್ದು ಆ ರೋಗಿಯದೇ ಜೀನ್ ಪರೀಕ್ಷೆ.