ಬ್ರಹ್ಮಗಿರಿಯ ಪದರಗಳನ್ನು ಎಣಿಸಿದ ವೀಲರ್

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಶೋಕನ ಶಾಸನ. ಅದರ ನೆರೆಯಲ್ಲೇ ಮಣ್ಣಿನಡಿ ಹೂತುಹೋಗಿದ್ದ ಊರಿನಲ್ಲಿ ಮೊದಲು ಬಾಳಿದವರು ಯಾರು, ಅವರ ತರುವಾಯ ಬಂದವರು ಯಾರು ಎಂಬುದನ್ನು 1947ರಲ್ಲಿ ಕ್ರಮವಾಗಿ ತೋರಿಸಿಕೊಟ್ಟವರು ಮಾರ್ಟಿಮರ್ ವೀಲರ್.

ಇವರು ಹುಟ್ಟಿದ್ದು 1890ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಲಂಡನ್ನಿನಲ್ಲಿ ವಿದ್ಯಾಭ್ಯಾಸ, ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿ. ಬಳಿಕ ಪತ್ನಿ ಟೆಸ್ಸಾ ಅವರೊಡಗೂಡಿ ವೇಲ್ಸ್ ಹಾಗೂ ಇಂಗ್ಲೆಂಡುಗಳಲ್ಲಿ ಹಳೆಯ ನೆಲೆಗಳನ್ನು ಅಗೆಸಿದರು. 1936ರಲ್ಲಿ ಆಕೆ ತೀರಿಕೊಂಡರು. ಎರಡನೆಯ ಯುದ್ಧದಲ್ಲಿ ಮತ್ತೆ ಸೈನ್ಯ ಸೇರಿದ್ದ ವೀಲರರು 1944ರಲ್ಲಿ ಭಾರತದ ಪ್ರಾಚ್ಯವಸ್ತು ಇಲಾಖೆಯ ಮಹಾನಿರ್ದೇಶಕರಾಗಿ ಬಂದರು.

ಆಗ ಇಲ್ಲಿ ಅಗೆಯುವ ರೀತಿಯೇ ಬೇರೆಯಾಗಿದ್ದಿತು. ವಸ್ತುವೊಂದು ಸಿಕ್ಕರೆ ಎಷ್ಟು ಅಡಿ ಆಳದಲ್ಲಿ ಸಿಕ್ಕಿತೆಂದು ಬರೆದಿಡುತ್ತಿದ್ದರು. ಆದರೆ ಹಳೆಯ ಊರಿನ ನೆಲ ಸಮತಟ್ಟಾಗಿರುವುದೆಲ್ಲಿ? ಯಾರೋ ತೋಡಿದ ಗುಂಡಿಯೊಳಗೆ ಈಚಿನ ಕಾಲದ ಮಡಕೆ ಕೆಳಗಿಳಿದು ಕುಳಿತಿರುತ್ತದೆ. ಆಳವನ್ನೇ ನಂಬಿದರೆ ಮೊಮ್ಮಗನೇ ಅಜ್ಜನಾಗಿಬಿಡುತ್ತಾನೆ! ವೀಲರರು ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುನಡುವೆ ಅಗೆಯದ ಮಣ್ಣಿನ ಗೋಡೆಗಳನ್ನು ಉಳಿಸಿಕೊಂಡು, ಆ ಗೋಡೆಗಳ ಮೈಯಲ್ಲಿ ಕಾಣುವ ಒಂದೊಂದು ಪದರಕ್ಕೂ ಸಂಖ್ಯೆ ಕೊಟ್ಟರು. ಸಿಕ್ಕ ಪ್ರತಿಯೊಂದು ಚೂರೂ ಅದರದರ ಪದರದ ಲೆಕ್ಕಕ್ಕೇ ಜಮೆಯಾಗಬೇಕು. 1944ರಲ್ಲಿ ತಕ್ಷಶಿಲೆಯಲ್ಲಿ ಶಿಬಿರ ನಡೆಸಿ ತರುಣರಿಗೆ ಈ ವಿದ್ಯೆಯನ್ನು ಕಲಿಸಿದರು. ಸೇನಾಧಿಕಾರಿಯ ಗದರಿಕೆ ಅಲ್ಲಿಯೂ ತಪ್ಪಿರಲಿಲ್ಲವಂತೆ.

ಮರುವರ್ಷ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳು ದೊರೆತವು. ಅವುಗಳ ಕಾಲ ವಿದ್ವಾಂಸರಿಗೆ ಗೊತ್ತಿದ್ದಿತು. ಜೊತೆಯಲ್ಲಿಯೇ, ಒಳಮೈಯಲ್ಲಿ ಸಣ್ಣ ಗೀರುಗಳ ಬಳೆಯಂಥ ಸಾಲುಗಳಿದ್ದ ಇನ್ನೊಂದು ಬಗೆಯ ಮಡಕೆಯೂ ಇದ್ದುದರಿಂದ ಅದರ ಕಾಲವೂ ತಿಳಿಯಿತು. ಈ ಎರಡನೆಯ ಬಗೆಯ ಮಡಕೆಯೇ ಬ್ರಹ್ಮಗಿರಿಯ ಮೇಲಿನ ಪದರಗಳಲ್ಲಿ ಸಿಕ್ಕಿತು. ತಾರೀಖಿರುವ ರಶೀದಿಯೊಂದು ಕೈಗೆ ಬಂದಂತಾಯಿತು! ಅದರ ಕೆಳಗೆ ಕಬ್ಬಿಣ ಬಳಸುತ್ತ ಬೃಹತ್ ಶಿಲೆಗಳ ಗೋರಿ ಕಟ್ಟಿದವರು. ಅವರಿಗೂ ಕೆಳಗೆ ನುಣುಪಾಗಿ ಉಜ್ಜಿದ ಕಲ್ಲುಕೊಡಲಿಯವರು.

ಇಲ್ಲೊಂದು ಮಾತು ಹೇಳಲೇಬೇಕು. ವೀಲರರಿಗಿಂತ ಮೊದಲೇ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿ ಅವುಗಳ ಮಹತ್ವವನ್ನು ಕಂಡವರು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು. ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ.

ಮೇಲಿನ ಪದರದ ಕಾಲ ತಿಳಿದರೂ ಕೆಳಗಿನವು ಎಷ್ಟು ವರ್ಷ ನಡೆದವೆಂಬುದನ್ನು ಊಹಿಸಲೇಬೇಕಾಗಿದ್ದಿತು. ಈ ಊಹೆಯಲ್ಲಿ ವೀಲರರು ತೀರ ಕೈಬಿಗಿ ಹಿಡಿದರು: ಗೋರಿ ಕಟ್ಟಿದವರು ಬಂದುದು ಕ್ರಿ.ಪೂ. 200ರ ಸುಮಾರಿಗೆ, ಕಲ್ಲುಕೊಡಲಿಯವರದು ಕ್ರಿ.ಪೂ. 1000ದಿಂದ ಈಚೆಗೆ.

1948ರಲ್ಲಿ ಹುದ್ದೆಯಿಂದ ನಿವೃತ್ತರಾಗಿ ಅವರು ಲಂಡನ್ನಿಗೆ ಮರಳಿದರು. 1952ರಲ್ಲಿ ಸರ್ ಪದವಿ ಬಂದಿತು, ಟೆಲಿವಿಷನ್ನಿನಲ್ಲಿಯೂ ಹೆಸರಾದರು. 1976ರ ಜುಲೈ 22ರಂದು ತೀರಿಕೊಂಡರು. ಅಷ್ಟರಲ್ಲಿ ರೇಡಿಯೊ ಕಾರ್ಬನ್ ಪರೀಕ್ಷೆ ಬಂದು, ತುಂಗಭದ್ರೆಯ ದಡದ ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೂ, ದಕ್ಷಿಣದ ಕಲ್ಲುಕೊಡಲಿಯವರು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೂ ಸರಿದಿದ್ದರು. ಬ್ರಹ್ಮಗಿರಿಯಲ್ಲಿ ಯಾರ ಮೇಲೆ ಯಾರು ಎಂಬ ಸಾಲನ್ನು ಮಾತ್ರ ತಿದ್ದಬೇಕಾಗಿ ಬರಲಿಲ್ಲ.