ಮನೆಯಲ್ಲಿ ತಮಿಳು, ಬರಹದಲ್ಲಿ ಕನ್ನಡ: ಮಾಲೂರಿನ ಮಾಸ್ತಿ

ಕೋಲಾರ: ತಮಿಳುನಾಡು, ಆಂಧ್ರಪ್ರದೇಶಗಳೆರಡಕ್ಕೂ ಹೊಂದಿಕೊಂಡಿರುವ ಕೋಲಾರ ಜಿಲ್ಲೆಯಲ್ಲಿ ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬುದು ಹೊಸದೇನಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಮಾಲೂರಿನ ಗಡಿಯ ಊರುಗಳಲ್ಲಿ ತಮಿಳು ಕನ್ನಡದೊಡನೆ ಬೆರೆತಿವೆ. ಈ ನೆಲದಲ್ಲಿ ಹುಟ್ಟಿ ಕನ್ನಡದ ಆಸ್ತಿ ಎನಿಸಿಕೊಂಡವರು ಮಾಸ್ತಿ ವೆಂಕಟೇಶ ಅಯ್ಯಂಗಾರ್.

ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಶ್ರೀವೈಷ್ಣವ ಕುಟುಂಬದಲ್ಲಿ ಜನಿಸಿದ ಅವರ ಮನೆಮಾತು ತಮಿಳು. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಪಡೆದ ಎಂ.ಎ. ಪದವಿ ಇಂಗ್ಲಿಷ್ ಸಾಹಿತ್ಯದ್ದು. ಮುಂದೆ ಸೇರಿದ್ದು ಮೈಸೂರು ಸಂಸ್ಥಾನದ ಆಡಳಿತ ಸೇವೆಗೆ. ಇಂಗ್ಲಿಷ್ ಓದಿದ ಅಧಿಕಾರಿಗಳು ಕನ್ನಡವನ್ನು ವಿದ್ಯಾವಂತರ ಭಾಷೆಯೆಂದು ಎಣಿಸುವುದೇ ವಿರಳವಾಗಿದ್ದ ಕಾಲವದು. ಮಾಸ್ತಿಯವರು ಆ ಅಚ್ಚಿಗೆ ಒಗ್ಗಲಿಲ್ಲ. ಶ್ರೀನಿವಾಸ ಎಂಬ ಕಾವ್ಯನಾಮದಲ್ಲಿ ಬರೆದ ಅವರ ಮೊದಲ ಕಥಾಸಂಕಲನ 'ಕೆಲವು ಸಣ್ಣ ಕಥೆಗಳು' 1920ರಲ್ಲಿ ಪ್ರಕಟವಾಯಿತು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು.

ಹುಟ್ಟಿದ ಜಾತಿ, ಮನೆತನಗಳ ಆವರಣವೂ ಅವರ ಬರವಣಿಗೆಗೆ ಬೇಲಿಯಾಗಲಿಲ್ಲ. 'ಕಾಕನಕೋಟೆ' ನಾಟಕ ಕಾಡುಕುರುಬರದು. 'ಚನ್ನಬಸವನಾಯಕ' ಬಿದನೂರಿನ ಅರಸುಮನೆತನದ್ದು. 'ಚಿಕವೀರ ರಾಜೇಂದ್ರ' ಕೊಡಗಿನ ಕೊನೆಯ ಅರಸನದು. ತಮ್ಮದಲ್ಲದ ಬಾಳುಗಳನ್ನು ಅವರು ತಮ್ಮವೆಂಬಷ್ಟು ಅಕ್ಕರೆಯಿಂದ ಕಂಡರು.

ಸೇವೆಯಲ್ಲಿ ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ದೊರೆತಾಗ, ಸ್ವಾಭಿಮಾನಕ್ಕೆ ಕುಂದು ಬಂದಿತೆಂದು 1943ರಲ್ಲಿ ಅಧಿಕಾರವನ್ನೇ ತ್ಯಜಿಸಿದರು. ಬಳಿಕ ಪೂರ್ಣಕಾಲ ಸಾಹಿತ್ಯಕ್ಕೆ ಸಂದಿತು. 'ಜೀವನ' ಪತ್ರಿಕೆಯನ್ನು ಎರಡು ದಶಕಗಳಷ್ಟು ಕಾಲ ಸಂಪಾದಿಸಿದರು. ಕಷ್ಟದಲ್ಲಿದ್ದ ದ.ರಾ. ಬೇಂದ್ರೆಯವರಿಗೆ ಆಸರೆಯಾಗಿ, ಅವರ ಕೃತಿಗಳನ್ನೂ ಪ್ರಕಟಿಸಿದರು. ಬೇಂದ್ರೆಯವರ ಮನೆಮಾತು ಮರಾಠಿ; ತಮಿಳು ಮನೆಯವರೊಬ್ಬರು ಮರಾಠಿ ಮನೆಯ ಕವಿಯನ್ನು ಕನ್ನಡಕ್ಕಾಗಿ ಪೊರೆದರು.

1983ನೇ ಸಾಲಿನ ಜ್ಞಾನಪೀಠ 'ಚಿಕವೀರ ರಾಜೇಂದ್ರ' ಕಾದಂಬರಿಗೆ ಸಂದಿತು. 1986ರ ಜೂನ್ 6ರಂದು, ತಮ್ಮ ಹುಟ್ಟುಹಬ್ಬದ ದಿನವೇ, 95 ವರ್ಷ ತುಂಬಿದ್ದ ಮಾಸ್ತಿ ನಿಧನರಾದರು.

ತಾಯ್ನುಡಿ ಬೇರೆಯಾದವರ ನಿಷ್ಠೆಯೂ ಬೇರೆಯಿದ್ದೀತೆಂಬ ಶಂಕೆ ಗಡಿಜಿಲ್ಲೆಗಳಲ್ಲಿ ಆಗಾಗ ತಲೆಯೆತ್ತುತ್ತದೆ. ಮನೆಯ ತಮಿಳನ್ನು ಮರೆಮಾಡದೆ ಕನ್ನಡವನ್ನು ಬೆಳೆಸಿದ ಮಾಸ್ತಿಯವರ ಬದುಕು ಅದಕ್ಕೆ ತಕ್ಕ ಉತ್ತರ.