ಬೆಳಕನ್ನು ಬಲ್ಲ ಕಲಾವಿದ

ಒಂದು ಬೆಟ್ಟವನ್ನು ಮುಂಜಾನೆ ನೋಡಿದರೆ ಒಂದು ರೂಪ, ನಡುಹಗಲಿನಲ್ಲಿ ನೋಡಿದರೆ ಮತ್ತೊಂದು ರೂಪ. ಮುಸ್ಸಂಜೆಯಲ್ಲಿ ಅದರ ಚೆಲುವೇ ಬೇರೆ. ಬೆಟ್ಟ ಇದ್ದಲ್ಲಿಯೇ ಇರುತ್ತದೆ, ಬದಲಾಗುವುದು ಬೆಳಕು. ಈ ಚಂಚಲವಾದ ಬೆಳಕಿನ ಗುಣವನ್ನರಿತು, ಬಣ್ಣಗಳ ನೆರವಿಲ್ಲದೆ, ಕಪ್ಪು ಬಿಳುಪಿನಲ್ಲಿಯೇ ನಿಸರ್ಗದ ಭವ್ಯತೆಯನ್ನು ಸೆರೆಹಿಡಿದ ಛಾಯಾಗ್ರಾಹಕರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸರು ಅಗ್ರಗಣ್ಯರು.

ಆಡಮ್ಸರು 1902ರ ಫೆಬ್ರವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜನಿಸಿದರು. 1906ರಲ್ಲಿ ಆ ನಗರವನ್ನು ಭೀಕರ ಭೂಕಂಪವು ನಡುಗಿಸಿತು. ನಾಲ್ಕು ವರ್ಷದ ಬಾಲಕನು ತೋಟದ ಗೋಡೆಗೆ ಎಸೆಯಲ್ಪಟ್ಟು ಅವನ ಮೂಗು ಮುರಿಯಿತು. ಆ ಸೊಟ್ಟಮೂಗು ಜೀವನಪರ್ಯಂತ ಹಾಗೆಯೇ ಉಳಿಯಿತು. ಒಂದೆಡೆ ಕುಳಿತುಕೊಳ್ಳಲಾರದ ಆ ಹುಡುಗನಿಗೆ ಶಾಲೆಯ ಕಟ್ಟುಪಾಡು ಒಗ್ಗಲಿಲ್ಲ. ಮಗನ ಮನಸ್ಸನ್ನು ಅರಿತಿದ್ದ ತಂದೆ ಚಾರ್ಲ್ಸ್ ಆಡಮ್ಸರು ಅವನನ್ನು ಗದರಿಸದೆ, ಶಾಲೆಯಿಂದ ಬಿಡಿಸಿ, ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಡು ಮಾಡಿದರು. ಹನ್ನೆರಡನೆಯ ವಯಸ್ಸಿನಲ್ಲಿ ಪಿಯಾನೊ ಅಭ್ಯಾಸ ಮೊದಲಾಯಿತು. ಒಂದೊಂದು ಸ್ವರವೂ ಸ್ಪಷ್ಟವಾಗಿ ನುಡಿಯುವವರೆಗೆ ಪಟ್ಟುಬಿಡದೆ ಸಾಧನೆ ಮಾಡುವ ಶಿಸ್ತನ್ನು ಸಂಗೀತವು ಆ ಚಂಚಲ ಬಾಲಕನಿಗೆ ಕಲಿಸಿತು.

1916ರ ಬೇಸಿಗೆಯಲ್ಲಿ ಅವನು ತಂದೆತಾಯಿಗಳೊಡನೆ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗೆ ಹೋದನು. ಮುಗಿಲನ್ನು ಮುಟ್ಟುವ ಬಂಡೆಗಳು, ಧುಮ್ಮಿಕ್ಕುವ ಜಲಪಾತಗಳು, ಅವುಗಳ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಬಿಸಿಲು ನೆರಳು ಅವನನ್ನು ಮಂತ್ರಮುಗ್ಧನನ್ನಾಗಿ ಮಾಡಿದವು. ಅಲ್ಲಿ ತಂದೆತಾಯಿಗಳು ಕೊಡಿಸಿದ ಪುಟ್ಟ ಪೆಟ್ಟಿಗೆ ಕ್ಯಾಮರಾ ಅವನ ಬದುಕಿನ ದಿಕ್ಕನ್ನೇ ಬದಲಿಸಿತು. ಅಂದಿನಿಂದ ಪ್ರತಿವರ್ಷವೂ ಆಡಮ್ಸರು ಆ ಕಣಿವೆಗೆ ಹೋಗುತ್ತಿದ್ದರು.

ಅವರ ಕಲೆಗೆ ತಿರುವು ಕೊಟ್ಟ ಘಟನೆ ನಡೆದುದು 1927ರ ಏಪ್ರಿಲ್ ತಿಂಗಳಿನಲ್ಲಿ. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಚಿತ್ರ ತೆಗೆಯಲು ಅವರು ಮಿತ್ರರೊಡನೆ ಕಡಿದಾದ ಹಿಮದ ಹಾದಿಯನ್ನು ಏರಿದರು. ಬೆನ್ನಮೇಲೆ ಭಾರವಾದ ಕ್ಯಾಮರಾ ಮತ್ತು ಗಾಜಿನ ಫಲಕಗಳು. ಒಂದು ಫಲಕದ ಮೇಲೆ ಒಂದೇ ಚಿತ್ರ. ಬಂಡೆಯೆದುರು ನಿಲ್ಲುವ ವೇಳೆಗೆ ಉಳಿದಿದ್ದುವು ಎರಡೇ ಫಲಕಗಳು. ಬಂಡೆಯ ಮುಖವಿನ್ನೂ ನೆರಳಿನಲ್ಲಿದ್ದುದರಿಂದ ಅವರು ಬಿಸಿಲು ಬರುವವರೆಗೆ ಕಾದರು. ಬಳಿಕ ಮಸೂರದ ಮುಂದೆ ಹಳದಿ ಗಾಜನ್ನು ಇಟ್ಟು ಮೊದಲ ಚಿತ್ರವನ್ನು ತೆಗೆದರು. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಈ ಚಿತ್ರದಲ್ಲಿ ಆಕಾಶವು ಪೇಲವವಾಗಿ ಕಾಣುವುದು. ಬಂಡೆಯನ್ನು ಕಂಡಾಗ ತಮಗುಂಟಾದ ಬೆರಗು ನೋಡುವವರಿಗೆ ಉಂಟಾಗದು ಎಂದು ಅವರಿಗೆ ತೋರಿತು. ಉಳಿದುದು ಒಂದೇ ಫಲಕ. ತಮ್ಮ ಅನುಭವಕ್ಕೆ ತಕ್ಕ ಚಿತ್ರವನ್ನು ಅವರು ಮೊದಲು ಮನಸ್ಸಿನಲ್ಲಿ ರೂಪಿಸಿಕೊಂಡರು. ಆಮೇಲೆ ಹಳದಿಯ ಸ್ಥಾನದಲ್ಲಿ ಕಡುಗೆಂಪು ಗಾಜನ್ನು ಇಟ್ಟರು. ಕೆಂಪು ಗಾಜು ಆಕಾಶದ ನೀಲಿ ಬೆಳಕನ್ನು ತಡೆಯುತ್ತದೆ. ಆದುದರಿಂದ ಚಿತ್ರದಲ್ಲಿ ಆಕಾಶವು ಕಪ್ಪಾಗಿ ಮೂಡುತ್ತದೆ. ಹಾಗೆಯೇ ಆಯಿತು. ಕಗ್ಗತ್ತಲ ಬಾನಿನ ಮುಂದೆ ಬಿಸಿಲು ಬಿದ್ದ ಬಂಡೆಯು ಗಂಭೀರವಾಗಿ ಎದ್ದುನಿಂತಿತು. ಕ್ಯಾಮರಾದ ಗುಂಡಿಯನ್ನು ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬ ತತ್ತ್ವ ಅಂದು ಅವರಿಗೆ ಸಿದ್ಧಿಸಿತು.

ಪಿಯಾನೊ ವಾದಕರಾಗಬೇಕೆಂಬ ಆಸೆಯನ್ನು ತೊರೆದು, 1930ರ ಬಳಿಕ ಅವರು ಛಾಯಾಗ್ರಹಣವನ್ನೇ ತಮ್ಮ ವೃತ್ತಿಯಾಗಿ ಸ್ವೀಕರಿಸಿದರು. ಆದರೂ ಸಂಗೀತದ ಸಂಸ್ಕಾರ ಅವರನ್ನು ಬಿಡಲಿಲ್ಲ. ಸಂಗೀತದಲ್ಲಿ ಸ್ವರಸ್ಥಾನಗಳಿರುವಂತೆ, ಅಚ್ಚ ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ 11 ಮೆಟ್ಟಿಲುಗಳುಳ್ಳ ಒಂದು ಕ್ರಮವನ್ನು 1940ರ ಸುಮಾರಿಗೆ ಅವರು ಫ್ರೆಡ್ ಆರ್ಚರ್ ಎಂಬವರೊಡನೆ ರೂಪಿಸಿದರು. ದೃಶ್ಯದ ಯಾವ ಭಾಗವು ಯಾವ ಮೆಟ್ಟಿಲಿನಲ್ಲಿ ಮೂಡಬೇಕೆಂಬುದನ್ನು ಇದರಿಂದ ಮೊದಲೇ ನಿರ್ಧರಿಸಬಹುದಾಗಿತ್ತು.

ಈ ಅಭ್ಯಾಸದ ಫಲವು ಪರೀಕ್ಷೆಗೆ ಒಳಗಾದುದು 1941ರ ಒಂದು ಸಂಜೆ. ನ್ಯೂ ಮೆಕ್ಸಿಕೊ ರಾಜ್ಯದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಅವರ ಮೋಟಾರು ಸಾಗುತ್ತಿದ್ದಿತು. ಹಿಮಶಿಖರಗಳ ಮೇಲೆ ಚಂದ್ರನು ಏರುತ್ತಿದ್ದನು. ಇಳಿಬಿಸಿಲಿನಲ್ಲಿ ಹಳ್ಳಿಯ ಸ್ಮಶಾನದ ಬಿಳಿಯ ಶಿಲುಬೆಗಳು ಹೊಳೆಯುತ್ತಿದ್ದುವು. ಸೂರ್ಯನು ಇನ್ನೇನು ಮೋಡದ ಮರೆಗೆ ಸರಿಯಲಿದ್ದನು. ಆಡಮ್ಸರು ತಟ್ಟನೆ ಮೋಟಾರು ನಿಲ್ಲಿಸಿ, ಅವಸರದಿಂದ ಕ್ಯಾಮರಾವನ್ನು ಹೂಡಿದರು. ಆದರೆ ಬೆಳಕನ್ನು ಅಳೆಯುವ ಮಾಪಕ ಎಷ್ಟು ಹುಡುಕಿದರೂ ಸಿಗಲಿಲ್ಲ! ಚಂದ್ರಬಿಂಬದ ಪ್ರಕಾಶವೆಷ್ಟೆಂಬುದು ಅವರ ನೆನಪಿನಲ್ಲಿತ್ತು. ಆ ಲೆಕ್ಕದಿಂದಲೇ ಅವರು ಒಂದು ಚಿತ್ರವನ್ನು ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಗಿದ್ದಿತು. ಆ ಏಕೈಕ ಚಿತ್ರ ಇಂದು ಜಗತ್ಪ್ರಸಿದ್ಧವಾಗಿದೆ. ಜನರು ಅದನ್ನು ಅದೃಷ್ಟವೆಂದಾರು. ಆದರೆ ಆ ಅದೃಷ್ಟದ ಹಿಂದೆ ಇಪ್ಪತ್ತೈದು ವರ್ಷಗಳ ಸಾಧನೆಯಿದ್ದಿತು.

ತಮ್ಮ ಕಲೆಯನ್ನು ಅವರು ನಿಸರ್ಗದ ರಕ್ಷಣೆಗೂ ಮೀಸಲಿಟ್ಟರು. ಕಿಂಗ್ಸ್ ಕ್ಯಾನಿಯನ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಬೇಕೆಂದು 1936ರಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಶಾಸನಕರ್ತರಿಗೆ ತಮ್ಮ ಚಿತ್ರಗಳನ್ನು ತೋರಿಸಿದರು. ಅನೇಕರ ಪ್ರಯತ್ನದ ಫಲವಾಗಿ 1940ರಲ್ಲಿ ಆ ಉದ್ಯಾನವು ಅಸ್ತಿತ್ವಕ್ಕೆ ಬಂದಿತು. 1980ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ರಾಷ್ಟ್ರದ ಉನ್ನತ ನಾಗರಿಕ ಪ್ರಶಸ್ತಿಯನ್ನಿತ್ತು ಗೌರವಿಸಿದರು.

ಆಡಮ್ಸರು 1984ರ ಏಪ್ರಿಲ್ 22ರಂದು ನಿಧನ ಹೊಂದಿದರು. ಮರುವರ್ಷ ಯೊಸೆಮಿಟಿಯ ಒಂದು ಶಿಖರಕ್ಕೆ ಅವರ ಹೆಸರನ್ನಿಡಲಾಯಿತು. ಬೆಳಕು ಯಾರಿಗಾಗಿಯೂ ಕಾಯುವುದಿಲ್ಲ. ಅದು ಬಂದಾಗ ಸಿದ್ಧರಾಗಿರುವವರಿಗೆ ಮಾತ್ರ ಒಲಿಯುತ್ತದೆ. ಶಾಲೆಯಲ್ಲಿ ಕುಳಿತಿರಲಾರದ ಬಾಲಕನೊಬ್ಬನು ಬೆಟ್ಟದ ಮುಂದೆ ಗಂಟೆಗಟ್ಟಲೆ ಕಾಯುವ ತಾಳ್ಮೆಯನ್ನು ಗಳಿಸಿದನು. ಆ ತಾಳ್ಮೆಯೇ ಅವರ ಚಿತ್ರಗಳಲ್ಲಿ ಇಂದಿಗೂ ಬೆಳಗುತ್ತಿದೆ.